ಐದು ಹೆಜ್ಜೆ ದೂರದ ಗೇಟು

ಮಾವ,

ನಿಮ್ಮ ಸೊಸೆ ಶೈಲಾ ಬರೆಯುತ್ತಿದ್ದೇನೆ. ನೀವು ಹೋಗಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ನಾನು ಒಂದು ಕಡೆ ನೆಟ್ಟಗೆ ಕೂತಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾ ಮಾಡುತ್ತಾ ಮಾತು ನಿಲ್ಲಿಸಿಬಿಡುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ, ಯಾಕೆ ಬಂದೆ ಎಂದು ಗೊತ್ತಿರುವುದಿಲ್ಲ. ನಿಮಗೆ ಒಂದು ವಿಷಯ ಹೇಳಬೇಕು. ಹೇಳದಿದ್ದರೆ ಇದು ನನ್ನನ್ನು ಬಿಡುವಂತೆ ಕಾಣುವುದಿಲ್ಲ.

ದುರ್ಗಿಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಆ ಆಟ ಮಾಡಲು ಕೂತ ದಿನ ನೆನಪಿದೆಯೇ? ನೀವು ಕನ್ನಡಕ ಒರೆಸಿಕೊಂಡು ಬಂದು, "ಏನಮ್ಮಾ ಇದು, ಕಾರ್ಟೂನಾ?" ಎಂದಿರಿ. ಅಲ್ಲ, ವಿಡಿಯೋ ಗೇಮ್, ಪೂರ್ತಿ ನಾನೊಬ್ಬಳೇ ಮಾಡುತ್ತಿರುವುದು ಎಂದೆ. ಒಬ್ಬ ಹುಡುಗಿ ಮನೆಯಿಂದ ಹೊರಟು, ಪೈಪು, ದಿಮ್ಮಿ, ಹಲಗೆಗಳ ಮೇಲೆ ಜಿಗಿಯುತ್ತಾ ಕಾರ್ಖಾನೆ ತಲುಪಬೇಕು. ಅವಳಿಗಿರುವುದು ನಲವತ್ತೇ ಸೆಕೆಂಡು. ಸೈರನ್ ಕೂಗಿ ನಿಂತ ಕೂಡಲೇ ಗೇಟು ಮುಚ್ಚುತ್ತದೆ, ಮತ್ತೆ ಮನೆಯಿಂದ ಓಡಬೇಕು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಹಾಜರಿ ನೋಡುವ, ಹೊತ್ತಿಗೆ ಸರಿಯಾಗಿ ಗೇಟು ಹಾಕುವ ಟೈಮ್ ಆಫೀಸಿನಲ್ಲೇ ವಯಸ್ಸು ಕಳೆದವರು ನೀವು. ನಿಮಗೆ ಹಿಡಿಸದೆ ಇರುತ್ತದೆಯೇ? "ಸೈರನ್ ಹಿಂಗೆ ಕೂಗಲ್ಲ, ಶುರುವಿನಲ್ಲಿ ಸ್ವಲ್ಪ ಗೊಗ್ಗರು ದನಿ ಇರತ್ತೆ" ಎಂದು ತಿದ್ದಿದಿರಿ. ಅವತ್ತಿನಿಂದ ದಿನಾ ಸಂಜೆ ಕಾಫಿ ಆದ ಮೇಲೆ ಆಡಿ ನೋಡುವ ಕೆಲಸ ನಿಮ್ಮದಾಯಿತು. ಬೆರಳು ನಡುಗುತ್ತಿತ್ತು. ಆದರೂ ಎರಡು ತಿಂಗಳಲ್ಲಿ ಮೂರನೇ ಹಂತ ದಾಟಿದಿರಿ.

ಒಂದು ಸಂಜೆ ಆಟದ ಒಳಗುಟ್ಟೊಂದನ್ನು ನಾನೇ ನಿಮಗೆ ಹೇಳಿದೆ. ಹುಡುಗಿಯ ಕಾಲು ಹಲಗೆಯ ಅಂಚು ದಾಟಿದ ಮೇಲೂ ಕ್ಷಣಾರ್ಧ ಜಿಗಿಯಲು ಅವಕಾಶ ಇಟ್ಟಿದ್ದೇನೆ, ಇಂಥ ಆಟಗಳಲ್ಲಿ ಎಷ್ಟೋ ಜನ ಇಡುತ್ತಾರೆ, ಆಡುವವರಿಗೆ ಗೊತ್ತೇ ಆಗುವುದಿಲ್ಲ ಎಂದೆ. ನೀವು ಆಟ ನಿಲ್ಲಿಸಿ ಕೇಳಿದಿರಿ,

"ಜಿಗಿಯೋದಕ್ಕೆ ರಿಯಾಯಿತಿ ಕೊಟ್ಟಿದ್ದೀಯ. ಗೇಟಿಗೆ ಯಾಕಿಲ್ಲ?"

"ಗೇಟಿಗೂ ಕೊಟ್ರೆ ಓಡೋದಕ್ಕೆ ಅರ್ಥ ಏನಿರತ್ತೆ ಮಾವ? ಆಟಾನೇ ಸತ್ತುಹೋಗತ್ತೆ."

ಆಗ ನೀವು ಮುರುಗೇಶನ್ ವಿಷಯ ಹೇಳಿದಿರಿ. ಅದೇ ಕಾರ್ಖಾನೆಯ ಕೆಲಸಗಾರರು, ಕಾಗದನಗರದ ಹತ್ತಿರ ಆಗ ನೀವಿದ್ದ ಮನೆಯ ಹಿಂದಿನ ಬೀದಿಯಲ್ಲೇ ಅವರ ಮನೆ, ಜೊತೆಯಲ್ಲೇ ಟೀ ಕುಡಿಯುತ್ತಿದ್ದವರು. ಒಂದು ತಿಂಗಳು ಅವರಿಗೆ ಆಗಲೇ ಎರಡು ಸಲ ತಡವಾಗಿತ್ತು. ಮೂರನೇ ಸಲಕ್ಕೆ ಒಂದು ವಾರ ಕೆಲಸವಿಲ್ಲ ಎಂಬುದು ನಿಯಮ. ಸೈರನ್ ನಿಂತಾಗ ಅವರು ಓಡಿ ಬರುತ್ತಿದ್ದರು. ಗೇಟಿಗೆ ಐದೇ ಹೆಜ್ಜೆ. ಮೇಲಧಿಕಾರಿಗಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನೀವು ಗೇಟು ಹಾಕಿಬಿಟ್ಟಿರಿ. "ಅವತ್ತಿಂದ ಅವನು ನನ್ನ ಜೊತೆ ಮಾತು ಬಿಟ್ಟ. ರಿಟೈರ್ ಆಗೋ ತನಕ ಒಂದು ಮಾತಿಲ್ಲ" ಎಂದಿರಿ. ನಿಮ್ಮ ಕಣ್ಣು ಲ್ಯಾಪ್‌ಟಾಪಿನ ಮೇಲೆಯೇ ಇತ್ತು.

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. ಶಾಲೆಯ ಪರೀಕ್ಷೆ ಪೇಪರುಗಳ ಕಟ್ಟು ಪಕ್ಕದಲ್ಲೇ ಇತ್ತು, ತಲೆ ಸಿಡಿಯುತ್ತಿತ್ತು, ಇವೆಲ್ಲ ನೆಪ ಅಷ್ಟೆ. "ಅದು ನಿಮ್ಮ ಗೇಟು ಮಾವ, ಇದು ನನ್ನ ಆಟ" ಎಂದುಬಿಟ್ಟೆ. ನೀವು ಎದ್ದು ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದಿರಿ. ಮರುದಿನ ಕಾಫಿ ಕುಡಿದು ನೇರ ವಾಕಿಂಗಿಗೆ ಹೋದಿರಿ. ಅದರ ಮರುದಿನವೂ. ಬನ್ನಿ ಮಾವ, ಆಡಿ ಎಂದು ಕರೆಯಲು ನನಗೇನಾಗಿತ್ತು? ಇವತ್ತು, ನಾಳೆ ಎನ್ನುತ್ತಾ ಮೂರು ವಾರ ಕಳೆದೆ. ಆ ಗುರುವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತಿರಿ, ಆಸ್ಪತ್ರೆ ತಲುಪುವಷ್ಟರಲ್ಲಿ...

ನಿಮ್ಮ ಕಾರ್ಯಗಳೆಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಗೇಟಿಗೆ ಅರ್ಧ ಸೆಕೆಂಡು ರಿಯಾಯಿತಿ ಕೊಟ್ಟೆ. ಸಾಲದು ಅನಿಸಿತು. ಒಂದು ಕೊಟ್ಟೆ, ಎರಡು ಕೊಟ್ಟೆ, ಎಲ್ಲ ತೆಗೆದೆ, ಮತ್ತೆ ಹಾಕಿದೆ. ಯಾವುದೂ ಸರಿ ಕಾಣಲಿಲ್ಲ. ಹೋದ ಶನಿವಾರ ಶಾಲೆ ಮುಗಿದದ್ದೇ ಮುರುಗೇಶನ್ ಅವರನ್ನು ಹುಡುಕಿಕೊಂಡು ಭದ್ರಾವತಿ ಬಸ್ ಹತ್ತಿಬಿಟ್ಟೆ. ಮಲವಗೊಪ್ಪ ದಾಟುವಾಗ ಇಳಿದು ವಾಪಸು ಹೋಗೋಣ ಅನಿಸಿತು. ಹೋಗಿ ಏನೆಂದು ಕೇಳಲಿ ಅವರನ್ನು?

ಮುರುಗೇಶನ್ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಟೈಮ್ ಆಫೀಸಿನ ಶೇಖರಪ್ಪನವರ ಸೊಸೆ ಎಂದೆ. ಕೈ ನಿಂತಿತು.

"ಹೋಗ್ಬಿಟ್ರಂತೆ. ಕೇಳ್ದೆ ಅಮ್ಮಾ. ಬರ್ಬೇಕು ಅಂತಿತ್ತು. ಆದ್ರೆ ಮಾತು ಬಿಟ್ಟವರ ಮನೆಗೆ ಹೆಂಗೆ ಬರೋದು?"

"ಮಾತು ಬಿಟ್ಟಿದ್ದು ನೀವಲ್ವಾ?"

"ನಾನಾ?" ಅವರು ನನ್ನ ಮುಖವನ್ನೇ ನೋಡಿದರು. "ಕೋಪ ಬಂತಮ್ಮಾ, ಇಲ್ಲ ಅನ್ನಲ್ಲ. ಒಂದು ದಿನ ಇತ್ತು. ಆ ವಾರ ಮನೇಲಿದ್ದು ಮಗಳಿಗೆ ಸೈಕಲ್ ಕಲಿಸ್ದೆ. ವಾಪಸ್ ಹೋದ ದಿನ ಗೇಟಲ್ಲಿ ಸಾರ್ ನಮಸ್ಕಾರ ಅಂದೆ. ತಲೆ ಬಗ್ಗಿಸಿ ಒಳಗೆ ಹೋಗ್ಬಿಟ್ರು. ನಾಕು ದಿನ ಹೇಳ್ದೆ. ಆಮೇಲೆ, ದೊಡ್ಡವರಿಗೆ ನನ್ನ ಮೇಲೇ ಏನೋ ಬೇಜಾರು ಅಂತ ಬಿಟ್ಟೆ."

ಕೇಳಿದಿರಾ ಮಾವ? ನಿಮ್ಮ ಮೇಲೆ ಅವರಿಗಿದ್ದ ಕೋಪ ಒಂದೇ ದಿನದ್ದು. ನೀವು ನಮ್ಮ ಮನೆಗೆ ಬರುವ ತನಕ ಇಬ್ಬರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದಿರಿ, ಒಂದೇ ಅಂಗಡಿಯಲ್ಲಿ ಸಾಮಾನು ತಂದಿರಿ. ಒಮ್ಮೆ ತಲೆ ಎತ್ತಿದ್ದರೆ... ಹೋಗಲಿ. ಮೂರು ವಾರ ಬಾಯಿ ಬಿಡದವಳು ನಾನು, ನಿಮಗೇನು ಹೇಳಲಿ?

ಸೈಕಲ್ ಕಲಿತ ಆ ಮಗಳು ಈಗ ನರ್ಸ್. ಡ್ಯೂಟಿ ಮುಗಿಸಿ ಬಂದವಳಿಗೆ ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪ್ ತೆರೆದು ಆಟ ತೋರಿಸಿದೆ. ಆಡಿದಳು. ಗೇಟಿಗೆ ಕೂದಲೆಳೆಯಷ್ಟು ದೂರವಿದ್ದಾಗ ಅದು ಮುಚ್ಚಿಕೊಂಡಿತು. ಹಿಂದೆ ನಿಂತು ನೋಡುತ್ತಿದ್ದ ಮುರುಗೇಶನ್, "ಗೇಟ್ ಹತ್ರ ಯಾರೂ ಕಾಣಲ್ವಲ್ಲಮ್ಮಾ, ಯಾರು ಮುಚ್ಚೋದು ಅದನ್ನ?" ಎಂದರು. ತಾನೇ ಮುಚ್ಚಿಕೊಳ್ಳುತ್ತದೆ ಎಂದೆ. "ಅದೆಂಗಾಗತ್ತೆ? ಅಲ್ಲೊಬ್ಬ ಮನುಷ್ಯ ಬೇಕಲ್ಲ" ಎಂದರು.

ಭಾನುವಾರ ಪೂರ್ತಿ ಕೂತು ಆಟದ ಗೇಟಿನ ಪಕ್ಕ ನಿಮ್ಮ ಚಿತ್ರ ಬರೆದೆ ಮಾವ. ಬಿಳಿ ಅರ್ಧ ತೋಳಿನ ಅಂಗಿ, ದಪ್ಪ ಕನ್ನಡಕ, ಒಂದು ಕೈ ಚಿಲಕದ ಮೇಲೆ. ಸೈರನ್ ನಿಂತ ಮೇಲೆ ನೀವು ಒಮ್ಮೆ ರಸ್ತೆ ಕಡೆ ನೋಡುತ್ತೀರಿ. ಯಾರಾದರೂ ಐದು ಹೆಜ್ಜೆಯೊಳಗೆ ಇದ್ದರೆ ಕಾಯುತ್ತೀರಿ, ಇಲ್ಲದಿದ್ದರೆ ಹಾಕುತ್ತೀರಿ. ಆಟ ಸಾಯಲಿಲ್ಲ. ಬುಧವಾರ ಅದನ್ನು ಇಂಟರ್ನೆಟ್ಟಿಗೆ ಹಾಕಿದೆ. ಯಾರೋ ಗುರುತಿಲ್ಲದವರು ಆಡಿ, ಕನ್ನಡಕದ ತಾತ ಯಾರು ಎಂದು ಕೇಳಿದ್ದಾರೆ. ನಮ್ಮ ಮಾವ ಎಂದು ಬರೆದೆ.

ನಾಳೆ ಬೆಳಿಗ್ಗೆ ಮುರುಗೇಶನ್ ಮಗಳ ಜೊತೆ ನಮ್ಮ ಮನೆಗೆ ಬರುತ್ತಿದ್ದಾರೆ. ಅಕ್ಕಿರೊಟ್ಟಿ ಮಾಡಬೇಕು, ಕಾಯಿಚಟ್ನಿ ಮಾಡಬೇಕು. ಬರುವವರು ಯಾರು ಎಂದು ನಿಮ್ಮ ಮಗ ಕೇಳಿದರು. ನಿಮ್ಮ ಅಪ್ಪನ ಸ್ನೇಹಿತರು ಎಂದೆ.

"ಅಪ್ಪನಿಗೆ ಅಲ್ಲಿ ಸ್ನೇಹಿತರು ಅಂತ ಯಾರಿದ್ರು?" ಎಂದರು.

ಒಬ್ಬರಿದ್ದರು ಎಂದೆ.

ಶೈಲಾ