ಚಕ್ರದೊಡನೆ ತಿರುಗುವ ಲಂಗ

ಬುಧವಾರ, ಮಧ್ಯಾಹ್ನ
ವರ್ಕ್‌ಶಾಪಿನಿಂದ

ನನ್ನ ಹಟಮಾರಿ ಮಗಳೇ,

ಲಕೋಟೆಯೊಳಗಿನ ಬಾಗಿದ ಬೋಲ್ಟನ್ನು ಎಸೆಯಬೇಡ. ಮೊದಲು ಓದು, ಆಮೇಲೆ ಬೈ. ಅಕ್ಷರ ನಮ್ಮ ಲೇಥ್ ಯಂತ್ರದ ಕೆಲಸಗಾರ ಅರೆ ಇಂಚಿನದು. ನನ್ನ ಕೈಗೆ ಗ್ರೀಸು ಮೆತ್ತಿದೆ, ಅದಕ್ಕೇ ಅವನನ್ನು ಲೇಥಿನಿಂದ ಎಬ್ಬಿಸಿ ಬರೆಯಲು ಕೂರಿಸಿದ್ದೇನೆ. ನಾನು ಏನು ಕೊಟ್ಟರೂ ಅರ್ಧ ಇಂಚು ಕಮ್ಮಿಯಾಯಿತು ಅನ್ನುವ ಮನುಷ್ಯ. ಈ ಕಾಗದಕ್ಕೂ ಅಷ್ಟು ಸೇರಿಸಿದರೆ ಆಶ್ಚರ್ಯವಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ನೀನು ಅರ್ಧಕ್ಕೇ ಬಾಯಿ ಹಾಕಿ ಗೆದ್ದುಬಿಡುತ್ತೀಯ. ಕಾಗದದ ಜೊತೆ ವಾದ ಮಾಡಲಾಗದು.

ನಿಮ್ಮ ಸ್ಪರ್ಧೆಯ ಕಾರಿನ ಹಿಂದಿನ ಚಕ್ರಕ್ಕೆ ಗಾಳಿ ತಡೆಯುವ ಮುಚ್ಚಳದ ಲಂಗ ತೊಡಿಸಲು ಯಾವ ತಗಡಿನವನಿಗೂ ಬರುತ್ತದೆ. ಮುಂದಿನದು ತಿರುಗುವ ಚಕ್ರ. ಮುಚ್ಚಿದರೆ ಹೊರಳಲು ಜಾಗವಿಲ್ಲ, ತೆರೆದಿಟ್ಟರೆ ಗಾಳಿ ನುಗ್ಗಿ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಮುಚ್ಚಳವನ್ನು ಕಾರಿನ ಮೈಗೆ ಬಿಗಿಯದೆ ಚಕ್ರ ಹಿಡಿದ ತೋಳಿಗೇ ಬಿಗಿದರೆ, ಸ್ಟೇರಿಂಗ್ ಎತ್ತ ಹೊರಳಿದರೆ ಲಂಗವೂ ಅತ್ತ ಹೊರಳುತ್ತದೆಂದು ನೀನು ನಕ್ಷೆ ಕಳಿಸಿದೆ. ಹೆತ್ತದ್ದು ಸಾರ್ಥಕವಾಯಿತು ಅಂದುಕೊಂಡೆ. ನಿನಗೆ ಮಾತ್ರ ಪರವಾಗಿಲ್ಲ ಅಂದೆ.

ಹೋದ ವಾರ ನೀನು ಒಂದೇ ಮಾತು ಕೇಳಿದ್ದೆ: "ಅಮ್ಮಾ, ಒಳಗೆ ಆಳು ಕೂರಿಸಿ ಅಳೆದ್ಯಾ?"

ನಾನು "ಹೂಂ" ಅಂದೆ.

ಅಳೆದಿರಲಿಲ್ಲ. ಖಾಲಿ ಕಾರನ್ನು ಸ್ಟ್ಯಾಂಡಿನ ಮೇಲೇರಿಸಿ ಎಡಕ್ಕೆ ಮೂವತ್ತು ಸಲ, ಬಲಕ್ಕೆ ಮೂವತ್ತು ಸಲ ತಿರುಗಿಸಿದ್ದೆ. ಲಂಗಕ್ಕೂ ಮಡ್‌ಗಾರ್ಡಿಗೂ ಎಲ್ಲ ಕಡೆ ಎರಡು ಬೆರಳು ಸಂದು. ಚಾಲಕ ಕೂತು ಕಾರು ತಗ್ಗಿದ ಮೇಲೇ ಅಳೆಯಬೇಕೆಂದು ನಕ್ಷೆಯ ಮೂಲೆಯಲ್ಲಿ ನೀನು ಬರೆದಿದ್ದೆಯಂತೆ. ಅದರ ಮೇಲೆ ನನ್ನ ಚಹಾ ಲೋಟ ಕೂತಿತ್ತು. ಮೂವತ್ತೊಂದು ವರ್ಷ ಕಣ್ಣಳತೆಯಲ್ಲೇ ಅನ್ನ ಉಂಡವಳಿಗೆ ಮಗಳ ಟಿಪ್ಪಣಿ ಯಾತಕ್ಕೆ ಅನ್ನುವ ಜಂಬ ಬೇರೆ.

ನಿನ್ನೆ ಬೆಳಿಗ್ಗೆ ಅರೆ ಇಂಚು ಕಾರನ್ನು ಅಂಗಳದಲ್ಲಿ ಓಡಿಸಿದ. ಬಲಕ್ಕೆ ಪೂರ್ತಿ ತಿರುಗಿಸಿ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕುಸಿಯಿತು. ಹೊರಗೆ ಚಾಚಿದ್ದ ಲಂಗದ ಮೇಲಂಚನ್ನು ಮಡ್‌ಗಾರ್ಡ್ ಇಳಿದು ಕಚ್ಚಿಕೊಂಡಿತು. ಸ್ಟೇರಿಂಗ್ ವಾಪಸ್ ಬರಲಿಲ್ಲ. ಕಾರು ತನ್ನಿಷ್ಟಕ್ಕೆ ಸುತ್ತಿ ಗೇಟಿನ ಕಂಬಕ್ಕೆ ಗುದ್ದಿತು. ಬಾಗಿದ ಬೋಲ್ಟು ಅಲ್ಲಿಯದೇ. ಅವನಿಗೆ ಏನೂ ಆಗಿಲ್ಲ.

ನಡಿಗೆಯ ವೇಗದಲ್ಲಿ ಹೀಗೆ. ಭಾನುವಾರ ಸ್ಪರ್ಧೆಯಲ್ಲಿ, ಆ ಉದ್ದನೆಯ ರಸ್ತೆಯ ತುದಿಯಲ್ಲಿ, ನೀನು ಬ್ರೇಕ್ ಒತ್ತಿ ತಿರುಗಿದರೆ ಏನಾದೀತು, ನೀನೇ ಲೆಕ್ಕ ಹಾಕು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಅನ್ನುವ ಲೆಕ್ಕ ನಿಮ್ಮದು. ನನ್ನ ಲೆಕ್ಕದಲ್ಲಿ ನೀನು ಒಬ್ಬಳೇ ಇದ್ದೀಯ.

ಎರಡೂ ಲಂಗ ಬಿಚ್ಚಿ ನನ್ನ ಮಂಚದ ಕೆಳಗೆ ಹಾಕಿ, ಕೋಣೆಗೆ ಬೀಗ ಹಾಕಿದ್ದೇನೆ. ಶುಕ್ರವಾರ ಬಂದು ಕಾರು ಒಯ್ಯಿ. ಮೂತಿ ಸ್ವಲ್ಪ ಜಜ್ಜಿದೆ, ಓಡುತ್ತದೆ. ಬೀಗದ ಕೈ ಕೇಳಬೇಡ. ತೆರೆದ ಚಕ್ರದಲ್ಲೇ ಓಡಿಸು, ಸೋತು ಬಾ. ಮೇಲಂಚು ಕತ್ತರಿಸಿ ರಬ್ಬರ್ ಪಟ್ಟಿ ಕೂರಿಸಲು ಎರಡು ವಾರ ಬೇಕು. ಗೆಳೆಯರು ಕೇಳಿದರೆ ಅಮ್ಮನ ಅಳತೆ ತಪ್ಪಿತು ಅನ್ನು. ಆ ಮಾತು ನಿನ್ನ ಬಾಯಿಂದ ಕೇಳಲು ನಾನು ಇನ್ನೂ ತಯಾರಿಲ್ಲ, ಆದರೂ ಅನ್ನು.

ಇಂತಿ,
"ಹೂಂ" ಅಂದ ನಿನ್ನ ಅಮ್ಮ

ಮ.ವಿ.: ಅಕ್ಕ ಊಟಕ್ಕೆ ಹೋಗಿದ್ದಾರೆ, ಇದು ನಾನು ಸೇರಿಸಿದ ಅರ್ಧ ಇಂಚು. ಗ್ರೀಸಲ್ಲ ಮಗಳೇ, ನಿನ್ನಮ್ಮನ ಬಲ ಮಣಿಕಟ್ಟು ಎರಡು ಕಡೆ ಮುರಿದು ಕಟ್ಟು ಹಾಕಿದ್ದಾರೆ. ನಿನ್ನೆ ಕಾರು ಓಡಿಸಿದ್ದು ನಾನಲ್ಲ. "ಅವಳ ಜಾಗ ಅದು, ಮೊದ್ಲು ನಾನು ಕೂರ್ತೀನಿ" ಅಂತ ನನ್ನನ್ನು ಇಳಿಸಿದರು. ನಿನ್ನ ತೂಕಕ್ಕೆ ಸರಿಹೋಗಲೆಂದು ತಮ್ಮ ತೂಕ ನೋಡಿಕೊಂಡು, ಮಡಿಲಲ್ಲಿ ನಾಲ್ಕು ಕಿಲೋ ಕಬ್ಬಿಣ ಇಟ್ಟುಕೊಂಡು ಕೂತಿದ್ದರು.