ಹಗ್ಗದ ಗಾಯ

ಮಾರ್ಚ್ ೧೪, ಗುರುವಾರ

ಹಗ್ಗಕ್ಕೆ ಆ ಗಾಯ ಯಾವಾಗ ಆಯಿತು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ.

ಶಾಲೆಯ ಹಿಂದಿನ ಮರದ ಒಣಕೊಂಬೆಗಳನ್ನೆಲ್ಲ ಕತ್ತರಿಸಿ, ಅದೇ ಹಗ್ಗಕ್ಕೆ ಜೋತುಬಿದ್ದು ನಾನು ಕೆಳಗಿಳಿದೆ. ಸಂಜೆ ಭಾವ ಅದನ್ನು ಸುತ್ತಿಡುವಾಗ, ಎಂದಿನಂತೆ ಮೊಳ ಮೊಳವಾಗಿ ಬೆರಳಲ್ಲಿ ಸವರುತ್ತಿದ್ದವರು ಗಕ್ಕನೆ ನಿಂತರು. ಒಂದು ಕಡೆ ಅರ್ಧಕ್ಕರ್ಧ ಎಳೆಗಳು ಕಡಿದುಹೋಗಿದ್ದವು.

"ಮೇಲೆ ಗರಗಸ ಏನಾದ್ರೂ ತಗಲ್ತೇನೋ?"

"ಇಲ್ಲ ಭಾವ," ಅಂದೆ. ಯೋಚಿಸುವ ಮೊದಲೇ ಬಾಯಿಗೆ ಬಂದ ಮಾತು.

ತಗಲಿಲ್ಲವೆಂದರೆ ಗಾಯ ಬೆಳಿಗ್ಗೆಯೇ ಇದ್ದಿರಬೇಕು. ಬೆಳಿಗ್ಗೆ ಹಗ್ಗ ಸವರಿ ನೋಡಿ "ಸರಿಯಾಗಿದೆ" ಅಂದವನೂ ನಾನೇ. ಆಗ ಅಕ್ಕನ ಫೋನು ಬಂದಿತ್ತು. ಪೂರ್ತಿ ಸವರಿದೆನೋ, ಅರ್ಧಕ್ಕೇ ಬಿಟ್ಟೆನೋ. ಮೇಲಿದ್ದಾಗ ಗರಗಸ ಒಮ್ಮೆ ಜಾರಿದ್ದೂ ನಿಜ. ತೊಗಟೆಗೆ ತಗಲಿತು ಅಂದುಕೊಂಡಿದ್ದೆ.

ಭಾವ ಬೈಯಲಿಲ್ಲ. ಮತ್ತೆ ಯಾರೂ ಕಟ್ಟಿಕೊಂಡು ಹತ್ತದಿರಲೆಂದು ಹಗ್ಗವನ್ನು ತುಂಡು ತುಂಡು ಮಾಡಿದರು. "ನಾಳೆಯಿಂದ ಹಗ್ಗ ನಾನೇ ನೋಡ್ತೀನಿ. ನೀನು ಹತ್ತು, ಸಾಕು."

ಬೈದಿದ್ದರೇ ಚೆನ್ನಾಗಿತ್ತು. ಅವರಿಗೆ ನಂಬಿಕೆ ಹೋದದ್ದು ನನ್ನ ಕೈ ಮೇಲೋ, ಮಾತಿನ ಮೇಲೋ? ನಾಳೆ ಹತ್ತುವ ಮುಂಚೆ ಗರಗಸ ಜಾರಿದ್ದನ್ನು ಹೇಳಿಬಿಡಬೇಕು. ಹೇಳಿದ ಮೇಲೂ ಅವರು ಹತ್ತು ಅಂದರೆ, ನನ್ನ ಕಾಲು ಏಳುತ್ತದೆಯೇ...