ಹಲ್ಲಿಗೆ ಬೀಳದ ಕೊಕ್ಕು

ಪಾಂಡವಪುರ
೧೪ ಅಕ್ಟೋಬರ್ ೨೦೨೫, ಮಂಗಳವಾರ

ಕಿಕ್ಕೇರಿಯ ಅಕ್ಕನ ಮನೆಯಲ್ಲಿ ಬಿಡಾರ ಹೂಡಿರುವ ನಮ್ಮ ಯಜಮಾನರಿಗೆ, ನಿಮ್ಮ ಹೆಂಡತಿ ಹೇಮ ಬರೆಯುವ ಕಾಗದ.

ಹೇಗಿದ್ದೀರಿ? ಹೊತ್ತುಹೊತ್ತಿಗೆ ಊಟ ತಿಂಡಿ ಆಗುತ್ತಿದೆಯೇ? ನಿಮ್ಮಕ್ಕ ಪುಟ್ಟಲಕ್ಷ್ಮಮ್ಮನವರ ಕೈಯ ಮುದ್ದೆ, ಉಪ್ಪುಸಾರು ನಿಮಗೆ ಒಗ್ಗುತ್ತದೆ ಅಂತ ನನಗೆ ಗೊತ್ತು, ಆ ಬಗ್ಗೆ ಚಿಂತೆಯಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಮಾತ್ರ ಇಲ್ಲೇ ಗೂಡಿನಲ್ಲಿ ಬಿಟ್ಟುಹೋಗಿದ್ದೀರಿ. ಓಡುವ ಅವಸರದಲ್ಲಿ ಫೋನಿನ ಚಾರ್ಜರು ನೆನಪಾಗಿದೆ, ಮಾತ್ರೆ ನೆನಪಾಗಿಲ್ಲ. ಚಾರ್ಜರು ಹೊತ್ತುಕೊಂಡು ಹೋದವರು ಒಂಬತ್ತು ದಿನದಿಂದ ಫೋನು ಸ್ವಿಚ್ ಆಫ್ ಮಾಡಿಕೊಂಡು ಕೂತಿರುವುದು ಯಾವ ಸೀಮೆಯ ಬುದ್ಧಿಯೋ ದೇವರೇ ಬಲ್ಲ. ನಿಮ್ಮಕ್ಕನಿಗೆ ಫೋನು ಮಾಡಿದರೆ ಬೆಳಿಗ್ಗೆಯೂ ತೋಟಕ್ಕೆ ಹೋಗಿದ್ದೀರಿ, ಮಧ್ಯಾಹ್ನವೂ ತೋಟಕ್ಕೆ ಹೋಗಿದ್ದೀರಿ. ಅವರಿಗೆ ಇರುವುದು ಹತ್ತು ತೆಂಗಿನಮರ. ಅಷ್ಟು ಹೊತ್ತು ಅಲ್ಲಿ ಏನು ಎಣಿಸುತ್ತೀರಿ? ಅದಕ್ಕೇ ಈ ಕಾಗದವನ್ನು ಕಿಕ್ಕೇರಿ ಬಸ್ಸಿನ ಡ್ರೈವರ್ ಕೈಯಲ್ಲಿ, ಮಾತ್ರೆಯ ಜೊತೆ ಕಳಿಸುತ್ತಿದ್ದೇನೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಕಾಗದವನ್ನು ಊಟ ಆದ ಮೇಲೆ ಓದಿ. ಹಿಂದುಮುಂದು ಮಾಡಿದರೆ ಎರಡೂ ದಕ್ಕುವುದಿಲ್ಲ.

ಮಂಚಯ್ಯ ಹೇಗಿದ್ದಾನೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಮೈಸೂರಿನಲ್ಲಿ ಪ್ಲೇಟು ಹಾಕಿ ಕಳಿಸಿದ್ದಾರೆ. ಹನ್ನೊಂದು ವರ್ಷ ನಿಮ್ಮ ಮೆಷಿನ್ನಿನ ಹ್ಯಾಂಡಲು ತಿರುಗಿಸಿದ ಕೈ ಅದು. ಕೆಟ್ಟುಹೋದ ಬೋರ್‌ವೆಲ್ ಮೋಟರ್ ಎತ್ತಿಸಬೇಕು ಅಂದರೆ ಈ ಸುತ್ತಿನವರೆಲ್ಲ ನಿಮ್ಮ ಹೆಸರು ಹೇಳುತ್ತಾರೆ ನಿಜ. ಆದರೆ ನೀವು ಹ್ಯಾಂಡಲು ಮುಟ್ಟುವವರಲ್ಲ, ಟ್ರಾಕ್ಟರಿನ ಸೀಟಿನ ಮೇಲೆ ಕೂತು ಎಳಿ, ನಿಲ್ಲಿಸು ಅನ್ನುವ ಓನರು. ಈಗ ಅವನು ಎಡಗೈಯಲ್ಲಿ ಊಟ ಮಾಡುತ್ತಾನೆ, ಅದೂ ನಾನು ಡಬ್ಬಿ ಕೊಟ್ಟುಬಂದರೆ. ಮನೆಯಲ್ಲಿ ಬಡಿಸುವವರು ಯಾರೂ ಇಲ್ಲ. ಅವನ ಹೆಂಡತಿ ಬೈರಮ್ಮ ಎರಡು ಮಕ್ಕಳನ್ನು ಕರೆದುಕೊಂಡು ನಾಗಮಂಗಲದ ತವರಿಗೆ ಹೋಗಿಬಿಟ್ಟಿದ್ದಾಳೆ.

ಯಾಕೆ ಹೋದಳು ಅಂತ ನಾನು ಬಿಡಿಸಿ ಹೇಳಬೇಕೇ? ನಾಲ್ಕು ವರ್ಷದ ಹಿಂದೆ ಮಂಚಯ್ಯ ಮಗಳ ತಲೆ ಮುಟ್ಟಿ ಇನ್ನು ಕುಡಿಯುವುದಿಲ್ಲ ಅಂತ ಆಣೆ ಮಾಡಿದಾಗ ಪಕ್ಕದಲ್ಲಿ ದೊಡ್ಡ ಮನುಷ್ಯರ ಹಾಗೆ ನಿಂತಿದ್ದವರು ನೀವೇ. ಇನ್ನೊಂದು ಸಲ ಕುಡಿದ ಅಂದರೆ ನನ್ನ ಮುಖ ನೋಡಬೇಡ ಅಂತ ಬೈರಮ್ಮ ಅಂದದ್ದೂ ನಿಮ್ಮೆದುರೇ. ಆ ದಿನದಿಂದ ಅವನು ಒಂದು ತೊಟ್ಟು ಮುಟ್ಟಿಲ್ಲ. ಈಗ ನೀವು, ಕೈ ಮುರಿದುಕೊಂಡವನನ್ನು ಆಟೋದಲ್ಲಿ ಮಲಗಿಸುವ ಮೊದಲೇ ಅವನು ಕುಡಿದು ಬಂದಿದ್ದ ಅಂತ ಊರಿಗೆಲ್ಲ ಸಾರಿದಿರಿ. ನಾನು ಬೈರಮ್ಮನಿಗೆ ಎಷ್ಟೋ ಹೇಳಿದೆ. ಬ್ಯಾಗು ತುಂಬಿಕೊಳ್ಳುತ್ತಾ ಅವಳು ಒಂದೇ ಮಾತು ಅಂದಳು: “ರವೀಂದ್ರಣ್ಣನೇ ಯೋಳವ್ರೆ ಅಂದ್ಮೇಲೆ ಇನ್ನೇನದೆ ಕಣಕ್ಕ.” ನಿಮ್ಮ ಮಾತಿಗೆ ಈ ಲೋಕದಲ್ಲಿ ಇಷ್ಟು ಬೆಲೆ ಕೊಡುವ ಒಂದು ಜೀವ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಈಗ ಮೆಷಿನ್ನಿನ ವಿಚಾರಕ್ಕೆ ಬರೋಣ. ಹದಿನೈದು ವರ್ಷದಿಂದ ಅದರಲ್ಲೇ ಅನ್ನ ತಿನ್ನುತ್ತಿರುವ ತಮಗೆ ನಾನು ಪಾಠ ಹೇಳುವುದು ತಮಾಷೆಯೇ. ಆದರೆ ತಮಗೆ ಗೊತ್ತಿಲ್ಲ ಅನ್ನುವುದಕ್ಕೆ ಮಂಚಯ್ಯನ ಎಕ್ಸ್‌ರೇ ಇದೆ, ಬೇಕಾದರೆ ಬಂದು ನೋಡಿ. ಹಗ್ಗ ಸುತ್ತುವ ಉರುಳೆಯ ಪಕ್ಕದಲ್ಲಿ ಒಂದು ಹಲ್ಲಿನ ಚಕ್ರ ಇದೆಯಲ್ಲ, ನೀವು ಬೆಳ್ಳಿ ಬಣ್ಣ ಬಳಿದು ಮದುಮಗನ ಹಾಗೆ ಮಾಡಿದ್ದಿರಲ್ಲ, ಅದು. ಅದರ ಹಲ್ಲು ಗರಗಸದ ಹಲ್ಲಿನ ಹಾಗೆ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ ಗೋಡೆ. ಚಕ್ರದ ಮೇಲೆ ಬೆರಳುದ್ದದ ಒಂದು ಕಬ್ಬಿಣದ ತುಂಡು ಪಿನ್ನಿನಲ್ಲಿ ತೂಗುತ್ತಿರುತ್ತದೆ. ನಮ್ಮಪ್ಪ ಅದನ್ನು ಕೊಕ್ಕು ಅನ್ನುತ್ತಿದ್ದರು. ಭಾರ ಎತ್ತುವಾಗ ಚಕ್ರ ಮುಂದಕ್ಕೆ ಹೋಗುತ್ತದೆ, ಕೊಕ್ಕು ಇಳಿಜಾರು ಹತ್ತಿ ಒಂದೊಂದೇ ಹಲ್ಲು ದಾಟಿ ಟಕ್ ಟಕ್ ಅಂತ ಬೀಳುತ್ತದೆ. ಹ್ಯಾಂಡಲು ಬಿಟ್ಟರೆ ಭಾರ ಕೆಳಗೆ ಜಗ್ಗುತ್ತದೆ, ಚಕ್ರ ಹಿಂದಕ್ಕೆ ಹೊರಡುತ್ತದೆ. ಒಂದು ಹಲ್ಲಿನಷ್ಟು ಹೋಗುವ ಮೊದಲೇ ಆ ಗೋಡೆ ಕೊಕ್ಕಿನ ತುದಿಗೆ ಒತ್ತಿ ಅಲ್ಲೇ ನಿಲ್ಲುತ್ತದೆ. ಭಾರ ಹೆಚ್ಚಾದಷ್ಟೂ ಹಿಡಿತ ಬಿಗಿ. ಮುನ್ನೂರು ಅಡಿ ಪೈಪು ನೇತಾಡುತ್ತಿದ್ದರೂ ಹ್ಯಾಂಡಲು ಬಿಟ್ಟು ಬೀಡಿ ಹಚ್ಚಬಹುದು. ಇಳಿಸುವಾಗ ಮಾತ್ರ ಹ್ಯಾಂಡಲನ್ನು ಚೂರು ಮುಂದಕ್ಕೆ ತಿರುಗಿಸಿ, ಭಾರವನ್ನು ಕೈಗೆ ತೆಗೆದುಕೊಂಡು, ಕೊಕ್ಕು ಎತ್ತಿ, ಬ್ರೇಕು ಹಿಡಿದು ಮೆಲ್ಲಗೆ ಬಿಡಬೇಕು. ನಿಮ್ಮ ಮೆಷಿನ್ನಿನ ಕೊಕ್ಕಿಗೆ ಸ್ಪ್ರಿಂಗು ಇಲ್ಲ. ಅದು ತನ್ನ ತೂಕಕ್ಕೆ ತಾನೇ ಬೀಳಬೇಕು, ಅಷ್ಟೇ ಅದರ ಕೆಲಸ. ಬೀಳಬೇಕಾದರೆ ಪಿನ್ನು ಸಡಿಲವಾಗಿರಬೇಕು. ಇಷ್ಟು ತಿಳಿಯುವುದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಶ್ರೀರಂಗಪಟ್ಟಣದಲ್ಲಿ ನಮ್ಮಪ್ಪ ನಿಂಗಯ್ಯನವರ ಸೈಕಲ್ ಶಾಪನ್ನು ನೀವು ಎಷ್ಟು ಸಲ ಆಡಿಕೊಂಡಿದ್ದೀರಿ, ಲೆಕ್ಕವಿಲ್ಲ. ಪಂಕ್ಚರ್ ಅಂಗಡಿ ಅಂತ ನಿಮ್ಮ ಬಾಯಲ್ಲಿ ಅದರ ಹೆಸರು. ಆ ಪಂಕ್ಚರ್ ಅಂಗಡಿಯಲ್ಲಿ ನಾನು ಎಂಟನೇ ಕ್ಲಾಸಿನಲ್ಲೇ ಸೈಕಲ್ಲಿನ ಫ್ರೀವೀಲ್ ಬಿಚ್ಚಿ ಜೋಡಿಸುತ್ತಿದ್ದೆ. ಅದರೊಳಗೂ ಇಂಥವೇ ಎರಡು ಪುಟ್ಟ ಕೊಕ್ಕು, ಕೂದಲಿನಷ್ಟು ಸಣ್ಣ ಸ್ಪ್ರಿಂಗಿನಲ್ಲಿ ಕೂತಿರುತ್ತವೆ. ಮುಂದಕ್ಕೆ ತುಳಿದರೆ ಹಲ್ಲು ಹಿಡಿದು ಚಕ್ರ ಉರುಳಿಸುತ್ತವೆ, ತುಳಿಯುವುದು ನಿಲ್ಲಿಸಿದರೆ ಟಿಕ್ ಟಿಕ್ ಅಂತ ಹಲ್ಲಿನ ಮೇಲೆ ಜಾರುತ್ತವೆ. ಕೆಲವು ಬುದ್ಧಿವಂತ ಗಿರಾಕಿಗಳು ಅದಕ್ಕೆ ಗ್ರೀಸು ಮೆತ್ತಿಕೊಂಡು ಬರುತ್ತಿದ್ದರು. ಕೊಕ್ಕು ಜಿಡ್ಡಿಗೆ ಅಂಟಿಕೊಂಡು, ಎಷ್ಟು ತುಳಿದರೂ ಪೆಡಲು ಸುಮ್ಮನೆ ಸುತ್ತುತ್ತಿತ್ತು. ಅಪ್ಪ ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಬೈಯುತ್ತಿದ್ದರು: “ಅದ್ಕೆ ಸಿಂಗಾರ ಬ್ಯಾಡ ಕಣ್ಲಾ, ಆಡಕ್ಕೆ ಜಾಗ ಬುಡು.”

ಇನ್ನು ತಮ್ಮ ಆಯುಧಪೂಜೆಯ ಸಿಂಗಾರ. ಎಲ್ಲರೂ ಮೆಷಿನ್ನು ತೊಳೆದು, ವಿಭೂತಿ ಕುಂಕುಮ ಇಟ್ಟು, ಒಂದು ಹಾರ ಹಾಕಿ, ಬೂದುಗುಂಬಳ ಒಡೆದು ಸುಮ್ಮನಾದರು. ತಮಗೆ ಅಷ್ಟು ಸಾಲದು. ಸ್ಟ್ಯಾಂಡಿನ ಮೂರು ಕಾಲಿಗೂ ನವಿಲುನೀಲಿ, ಹ್ಯಾಂಡಲಿಗೆ ಕೆಂಪು, ಚಕ್ರಕ್ಕೆ ಕೊಕ್ಕಿಗೆ ಪಿನ್ನಿಗೆ ಎಲ್ಲಕ್ಕೂ ಬೆಳ್ಳಿ, ಅದೂ ಮೂರು ಕೋಟು. ಕೊಕ್ಕಿನ ಅಡಿಗೆ ಬ್ರಷ್ಷು ಹೋಗಲಿ ಅಂತ ಅದನ್ನು ಎತ್ತಿ, ಪೊರಕೆಕಡ್ಡಿ ಕೊಟ್ಟು ನಿಲ್ಲಿಸಿದಿರಿ. ಬಣ್ಣ ಒಣಗಿದ ಮೇಲೆ ಕಡ್ಡಿ ತೆಗೆದಿರಿ. ಕೊಕ್ಕು ಬೀಳಲಿಲ್ಲ, ಬಣ್ಣ ಅದನ್ನು ಪಿನ್ನಿಗೆ ಅಂಟಿಸಿತ್ತು. ತಾವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ಸಿಗೆ ಹಾಕಿದಿರಿ. ಆ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಚಕ್ರ ಕೆಳಗೆ, ಕೊಕ್ಕು ಮೇಲೆ, ಮಧ್ಯೆ ಬೆರಳು ತೂರುವಷ್ಟು ಸಂದು, ಪಕ್ಕದಲ್ಲಿ ತಮ್ಮ ಮೂವತ್ತೆರಡು ಹಲ್ಲು. ಹಬ್ಬಕ್ಕೆ ಬಣ್ಣ ಬಳಿಯುವವರನ್ನು ಕಂಡಿದ್ದೇನೆ, ಮೆಷಿನ್ನಿನ ಕೀಲಿಗೇ ಬಣ್ಣ ಬಳಿದು ಅದಕ್ಕೇ ಕೈಮುಗಿದು ಮಂಗಳಾರತಿ ಎತ್ತಿದವರನ್ನು ಕಂಡದ್ದು ಇದೇ ಮೊದಲು.

ನಾಲ್ಕನೇ ತಾರೀಖು ಶನಿವಾರ ಹಬ್ಬದ ನಂತರದ ಮೊದಲ ಕೆಲಸ, ಬೆಳಗೊಳದ ನಂಜಪ್ಪನವರ ಗದ್ದೆಯಲ್ಲಿ. ಅಲ್ಲಿ ಏನಾಯಿತು ಅಂತ ನಿಮ್ಮ ಬಾಯಿಂದ ಕೇಳಿದ್ದು ಒಂದು, ನಂಜಪ್ಪನವರೇ ನಿನ್ನೆ ಮನೆಗೆ ಬಂದು ಹೇಳಿದ್ದು ಇನ್ನೊಂದು. ಟ್ರಾಕ್ಟರಿನ ಸ್ಪೀಕರಿನಲ್ಲಿ ಹಾಡು ಗದ್ದೆ ಅದುರುವ ಹಾಗೆ ಹಾಕಿದ್ದಿರಂತೆ. ಟಕ್ ಟಕ್ ಸದ್ದು ಇದೆಯೋ ಇಲ್ಲವೋ ಅಂತ ಯಾರಿಗೆ ಕೇಳಬೇಕು? ಮೊದಲನೇ ಪೈಪು ಪೂರ್ತಿ ಮೇಲೆ ಬಂತು. ಕೆಳಗಿನ ಪೈಪು ಜಾರದ ಹಾಗೆ ಕ್ಲಾಂಪು ಹಾಕುವುದಕ್ಕೆ ಮಂಚಯ್ಯ ಯಾವತ್ತಿನ ಹಾಗೆ ಹ್ಯಾಂಡಲು ಬಿಟ್ಟ. ಹನ್ನೊಂದು ವರ್ಷ ಬಿಟ್ಟಾಗಲೆಲ್ಲ ನಿಂತದ್ದು ಅವತ್ತು ನಿಲ್ಲಲಿಲ್ಲ. ಹ್ಯಾಂಡಲು ಹಿಂದಕ್ಕೆ ಗಿರ್ರನೆ ತಿರುಗಿ ಅವನ ಕೈಗೆ ಬಡಿಯಿತು, ಪೈಪು ಮೋಟರು ಎಲ್ಲ ಬೋರಿನೊಳಗೆ ಹೋಯಿತು. ಇಷ್ಟು ಆದದ್ದು ನಿಮ್ಮ ದಡ್ಡತನ, ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ನಂಜಪ್ಪನವರು ಇನ್ನೊಂದು ಮಾತು ಹೇಳಿದರು. ಟ್ರಾಕ್ಟರಿನಿಂದ ಇಳಿದು ಓಡಿಬಂದ ನೀವು ಮೊದಲು ನೋಡಿದ್ದು ನೆಲದ ಮೇಲೆ ಬಿದ್ದವನನ್ನಲ್ಲ, ಚಕ್ರವನ್ನು. ಕೊಕ್ಕನ್ನು ಬೆರಳಲ್ಲಿ ಒತ್ತಿ ನೋಡಿ, ಆಮೇಲೆ ಅವರ ಕಡೆ ತಿರುಗಿ ಹೇಳಿದಿರಂತೆ: “ಕುಡ್ಕಬಂದವ್ನೆ ಕಣಣ್ಣ, ಕೈ ಬುಟ್ಬುಟ್ಟ.”

ಅಂದರೆ ನಿಮಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಅವನ ಮೇಲೆ ಗೂಬೆ ಕೂರಿಸಿದಿರಿ. ನೋವಿನಲ್ಲಿ ಹೊರಳಾಡುವವನು ಎದ್ದು ಬಂದು ನಿಮ್ಮ ಮಾತಿಗೆ ಎದುರಾಡುವುದಿಲ್ಲ ಅನ್ನುವ ಧೈರ್ಯ. ನಾನು ಹದಿನೆಂಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೇನೆ. ನೀವು ಜಂಬದ ಮನುಷ್ಯ, ಸೋಮಾರಿ, ಬಾಯಿಬಡುಕ ಅಂತೆಲ್ಲ ಗೊತ್ತಿತ್ತು. ಹೇಡಿ ಅನ್ನುವುದು ಗೊತ್ತಿರಲಿಲ್ಲ, ಥೂ ಅನ್ನಿಸಿತು.

ನಂಜಪ್ಪನವರು ಹೋದ ಮೇಲೆ ಶೆಡ್ಡಿಗೆ ಹೋದೆ. ಟಾರ್ಪಾಲು ಎತ್ತಿ ನೋಡಿದರೆ ಕೊಕ್ಕು ಹಾಗೇ ಮೇಲೆ ಇತ್ತು. ಬೆರಳಲ್ಲಿ ಒತ್ತಿದೆ, ಅಲ್ಲಾಡಲಿಲ್ಲ. ನಿಮ್ಮದೇ ಬಣ್ಣದ ಡಬ್ಬಿಯ ಪಕ್ಕದಲ್ಲಿದ್ದ ಥಿನ್ನರು ಪಿನ್ನಿಗೆ ಸುರಿದು, ಬ್ಲೇಡಿನಲ್ಲಿ ಸುತ್ತ ಕೆರೆದೆ. ಎರಡು ನಿಮಿಷ ಆಗಿರಲಿಲ್ಲ, ತಾನಾಗಿ ಟಕ್ ಅಂತ ಹಲ್ಲಿಗೆ ಬಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಒಂದು ಮುಚ್ಚಳ ಥಿನ್ನರಿನಲ್ಲಿ ಉಳಿಯಬೇಕಾಗಿದ್ದ ಕೈ ಅದು.

ನಿಮ್ಮಕ್ಕನ ಬಾಯಲ್ಲಿ ಇದೆಲ್ಲ ದೃಷ್ಟಿ. ಬಣ್ಣ ಬಳಿದ ಮೆಷಿನ್ನು ಲಕಲಕ ಅನ್ನುತ್ತಿತ್ತಂತೆ, ಕಂಡವರ ಕಣ್ಣು ತಾಕಿತಂತೆ, ಇನ್ನೂ ದೊಡ್ಡ ಬೂದುಗುಂಬಳ ಒಡೆಯಬೇಕಿತ್ತಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಬೂದುಗುಂಬಳದ ಗಾತ್ರಕ್ಕೂ ಪಿನ್ನಿನ ಬಣ್ಣಕ್ಕೂ ಸಂಬಂಧ ಇಲ್ಲ ಅಂತಲೂ ತಿಳಿಸಿ. ಅವರಿಗೆ ನೀವು ಏನು ಕತೆ ಕಟ್ಟಿದ್ದೀರೋ ನನಗೆ ಗೊತ್ತಿಲ್ಲ. ಊಟ ಬಡಿಸುವಾಗ ತಮ್ಮನ ಮುಖ ನೋಡಿ ಪಾಪ ಅನ್ನುತ್ತಿರುತ್ತಾರೆ, ಅದಂತೂ ಕಾಣುತ್ತದೆ.

ಇವತ್ತು ಬೆಳಿಗ್ಗೆ ಡಬ್ಬಿ ಕೊಡುವಾಗ ಮಂಚಯ್ಯನಿಗೆ ಬಣ್ಣದ ವಿಚಾರ ಹೇಳಿದೆ. ನಿಮಗೆ ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅವನು ಗೋಡೆ ಕಡೆ ಮುಖ ಮಾಡಿಕೊಂಡು ಅತ್ತ. ಆಮೇಲೆ ಹೇಳಿದ: “ಕೈ ಓದ್ರೆ ಓಗ್ಲಿ ಕಣಕ್ಕ. ನಾ ಕುಡ್ದಿರ್ನಿಲ್ಲ ಅಂತ ನಮ್ಮೋಳ್ಗೆ ಅಣ್ಣನ ಬಾಯಲ್ಲಿ ಒಂದ್ಮಾತು ಯೋಳಿಸ್ಬುಡಿ.” ನನ್ನ ಬಾಯಲ್ಲಿ ಅಲ್ಲ, ನಂಜಪ್ಪನವರ ಬಾಯಲ್ಲಿ ಅಲ್ಲ, ನಿಮ್ಮ ಬಾಯಲ್ಲಿ. ಇಷ್ಟಾದ ಮೇಲೂ ನಿಮ್ಮನ್ನು ಅಣ್ಣ ಅನ್ನುತ್ತಾನಲ್ಲ, ಅವನನ್ನೂ ಬೈದು ಬಂದೆ.

ಆದ್ದರಿಂದ ಕೇಳಿ. ನಾಡಿದ್ದು ಗುರುವಾರ ಬೆಳಿಗ್ಗೆ ನಾನು ಇಲ್ಲಿಂದ ನಾಗಮಂಗಲಕ್ಕೆ ಹೊರಡುತ್ತೇನೆ. ನೀವು ಕಿಕ್ಕೇರಿಯಿಂದ ಕೆ.ಆರ್. ಪೇಟೆಗೆ ಬಂದು ಬಸ್ಸು ಬದಲಾಯಿಸಿದರೆ ಹತ್ತು ಗಂಟೆಗೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿರಬಹುದು. ಬೈರಮ್ಮನ ತವರಿನ ಬಾಗಿಲಲ್ಲಿ ನಿಂತು, ಮಂಚಯ್ಯ ಕುಡಿದಿರಲಿಲ್ಲ, ನಾನು ಬಣ್ಣ ಬಳಿದು ಕೆಡಿಸಿದೆ, ಆಮೇಲೆ ಸುಳ್ಳು ಹೇಳಿದೆ ಅಂತ ನಿಮ್ಮ ಬಾಯಿಂದ ಹೇಳಬೇಕು. ಮೂರು ಮಾತು, ಮೂರು ಕೋಟಿನಷ್ಟು ಕಷ್ಟವೇನಲ್ಲ. ದೃಷ್ಟಿ ಗಿಷ್ಟಿ ಅಂತ ಸೇರಿಸಿದರೆ ಅಲ್ಲೇ ಮುಖಕ್ಕೆ ಮಂಗಳಾರತಿ ಎತ್ತುತ್ತೇನೆ. ಒಗೆದ ಶರ್ಟು ತರುತ್ತೇನೆ, ಅದರ ಚಿಂತೆ ಬೇಡ.

ನಿಮ್ಮಕ್ಕನವರಿಗೆ, ಭಾವನವರಿಗೆ ನಮಸ್ಕಾರ ಹೇಳಿ, ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮಗೆ ಆಯಸ್ಸು ಧಾರಾಳವಾಗಿ ಕೊಟ್ಟಿದ್ದಾನೆ, ಗುರುವಾರದ ಮಟ್ಟಿಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ಇಂತಿ,
ಪಂಕ್ಚರ್ ಅಂಗಡಿಯ ಮಗಳು,
ಹೇಮ

ಮರೆತ ಮಾತು: ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಡ್ರೈವರ್ ಟೀ ಕುಡಿದು ಬರುವಷ್ಟರಲ್ಲಿ ಮುಗಿಸಬೇಕು. ಮರೆತದ್ದು ಅಂದೆ, ಮರೆತಿರಲಿಲ್ಲ. ಹಬ್ಬದ ದಿನ ನೀವು ಬಣ್ಣ ಬಳಿಯುವಾಗ ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಬ್ರಷ್ಷು ಪಿನ್ನಿನ ಮೇಲೆ ಹೋದದ್ದು ನೋಡಿದೆ. ಕಡ್ಡಿ ತೆಗೆದ ಮೇಲೂ ಕೊಕ್ಕು ಬೀಳದೆ ನಿಂತದ್ದು ನೋಡಿದೆ. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಹೋದ ವರ್ಷ ಬ್ರೇಕಿನ ವಿಚಾರ ಹೇಳಿದ್ದಕ್ಕೆ ಹತ್ತು ಜನರ ಎದುರು ಒಲೆ ರಿಪೇರಿ ಮಾಡ್ಕೊ ಹೋಗು ಅಂದಿದ್ದಿರಲ್ಲ, ಅದು ಇನ್ನೂ ಒಳಗೆ ಉರಿಯುತ್ತಿತ್ತು. ಹ್ಯಾಂಡಲು ಒಂದು ಸಲ ಜಾರಲಿ, ಜನರ ಮುಂದೆ ನಿಮ್ಮ ಮುಖ ಸಣ್ಣದಾಗಲಿ ಅಂದುಕೊಂಡೆ. ಮೂರು ದಿನ ಸಮಯ ಇತ್ತು, ಹೇಳಲಿಲ್ಲ. ಶನಿವಾರ ಮಂಚಯ್ಯ ನಮ್ಮ ಮನೆಯಲ್ಲೇ ತಿಂಡಿ ತಿಂದು ಹೊರಟ. ಬೇಡ ಬೇಡ ಅಂದರೂ ಅವನಿಗೆ ಇನ್ನೆರಡು ಇಡ್ಲಿ ಬಡಿಸಿದೆ, ಕೊಕ್ಕಿನ ವಿಚಾರ ಮಾತ್ರ ಹೇಳಲಿಲ್ಲ. ಹ್ಯಾಂಡಲು ಹಿಡಿಯುವುದು ನೀವಲ್ಲ, ಅವನು ಅಂತ ನನಗೆ ಗೊತ್ತಿಲ್ಲದ ವಿಚಾರವೇ? ನೀವು ತಿಳಿಯದೆ ಕೆಡಿಸಿದಿರಿ, ನಾನು ತಿಳಿದೂ ಸುಮ್ಮನಿದ್ದೆ. ಗುರುವಾರ ಬೈರಮ್ಮನಿಗೆ ನಿಮ್ಮ ಮಾತಿಗಿಂತ ಮೊದಲು ಇದನ್ನು ಹೇಳುತ್ತೇನೆ. ಅವಳ ಮುಖ ನೋಡುವುದಕ್ಕೆ ನನಗೂ ಭಯವಾಗುತ್ತಿದೆ ರೀ, ಬನ್ನಿ.